ಮಗಳ ಇಸುಬಿಗೆ ಒಗ್ಗುವ ಸೋಪು: ಯಾವ ಎಣ್ಣೆ, ಎಷ್ಟು?

ಕೆಂಗೇರಿ ಅಮ್ಮ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಮನೆಯಲ್ಲೇ ಸೋಪು ಮಾಡುತ್ತಿದ್ದೇನೆ. ನನಗೂ ಯಜಮಾನರಿಗೂ ಅದು ಚೆನ್ನಾಗಿಯೇ ಒಗ್ಗಿದೆ. ಆದರೆ ಆರು ವರ್ಷದ ಮಗಳಿಗೆ ಇಸುಬು ಇದೆ. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಈಗೀಗ ಕತ್ತಿನ ಸುತ್ತಲೂ. ಚರ್ಮದ ವೈದ್ಯರು ನೋಡಿ ಅಟೋಪಿಕ್ ಡರ್ಮಟೈಟಿಸ್ ಎಂದು ಹೇಳಿ ಮುಲಾಮು ಬರೆದುಕೊಟ್ಟಿದ್ದಾರೆ, ಹಚ್ಚುತ್ತಿದ್ದೇವೆ. ಔಷಧಿ ಬಿಡುವ ಮಾತಿಲ್ಲ. ನಾನು ಕೇಳುತ್ತಿರುವುದು ಸೋಪಿನ ವಿಷಯ ಮಾತ್ರ.

ಸ್ನಾನ ಮುಗಿಸಿ ಬಂದ ಹತ್ತೇ ನಿಮಿಷಕ್ಕೆ ಕೆರೆಯಲು ಶುರು ಮಾಡುತ್ತಾಳೆ. ಮೊನ್ನೆ ಟವೆಲ್ ಸುತ್ತಿಕೊಂಡೇ ಬಾಗಿಲ ಚೌಕಟ್ಟಿಗೆ ಮೊಣಕೈ ಉಜ್ಜುತ್ತ ನಿಂತಿದ್ದಳು. ಮಡಿಕೆಯ ಚರ್ಮ ಬೂದಿ ಬಳಿದ ಹಾಗೆ ಬೆಳ್ಳಗಾಗಿ, ಒಣಗಿದ ಕೆರೆಯ ತಳದಂತೆ ಸಣ್ಣ ಸೀಳು ಬಿಟ್ಟಿತ್ತು. ನಾನೇ ಮಾಡಿದ ಸೋಪಿನಿಂದ ಹೀಗಾಗುತ್ತಿದೆಯೇನೋ ಎಂಬ ಯೋಚನೆ ಬಂದಾಗಿನಿಂದ ನಿದ್ದೆ ಹತ್ತಿಲ್ಲ.

ಈಗಿನ ಅಳತೆ: ಕೊಬ್ಬರಿ ಎಣ್ಣೆ 350 ಗ್ರಾಂ, ಆಲಿವ್ ಎಣ್ಣೆ 100 ಗ್ರಾಂ, ಹರಳೆಣ್ಣೆ 50 ಗ್ರಾಂ. ಕಾಸ್ಟಿಕ್ ಸೋಡಾ 80 ಗ್ರಾಂ, ಅಂದರೆ ಸೂಪರ್‌ಫ್ಯಾಟ್ (ಕಾಸ್ಟಿಕ್‌ಗೆ ಸಿಗದೆ ಸೋಪಿನಲ್ಲಿ ಉಳಿಯುವ ಎಣ್ಣೆ) 5%. ಘಮಕ್ಕೆ 10 ಮಿಲಿ ಲ್ಯಾವೆಂಡರ್ ತೈಲ. ಆರು ವಾರ ಒಣಗಿಸುತ್ತೇನೆ. ಕೊಬ್ಬರಿ ಎಣ್ಣೆ ಚರ್ಮಕ್ಕೆ ಒಳ್ಳೆಯದು ಎಂದು ನಂಬಿಯೇ ಅಷ್ಟು ಹಾಕಿದ್ದೆ. ಬೇವು ಸೇರಿಸಲೇ? ಬಾದಾಮಿ ಎಣ್ಣೆಯೇ? ತಿಳಿದವರು ದಯವಿಟ್ಟು ಹೇಳಿ.

ಅಡಿಕೆ ತೋಟ
ಮೊದಲು ಲ್ಯಾವೆಂಡರ್ ನಿಲ್ಲಿಸಿ ಅಕ್ಕ. ಉಳಿದದ್ದು ಆಮೇಲೆ ಮಾತನಾಡೋಣ.

ಬೇವಿನ ಮರ
ಬೇವಿನ ಎಣ್ಣೆ ಧಾರಾಳವಾಗಿ ಹಾಕಿ, ಕಾಲು ಭಾಗವಾದರೂ ಇರಲಿ. ನಮ್ಮ ಅಜ್ಜಿ ಯಾವ ಕಜ್ಜಿ, ತುರಿಕೆ ಬಂದರೂ ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಮೀಯಿಸುತ್ತಿದ್ದರು. ಒಂದು ವಾರದಲ್ಲಿ ಮಾಯ. ಪೇಟೆಯ ಮುಲಾಮು ಬರುವ ಮುಂಚೆ ನಮ್ಮ ಜನ ಬದುಕಿರಲಿಲ್ಲವೇ?

ರಸಾಯನ ಮೇಷ್ಟ್ರು
ಬೇವಿನ ಮರ ಅವರೇ, ಕಜ್ಜಿ ಬೇರೆ, ಇಸುಬು ಬೇರೆ. ಕಜ್ಜಿ ನುಸಿಯಿಂದ ಬರುತ್ತದೆ, ಮನೆಮಂದಿಗೆಲ್ಲ ಹರಡುತ್ತದೆ. ಇಸುಬಿನಲ್ಲಿ ಕೊಲ್ಲಬೇಕಾದ ಹುಳವೇನೂ ಇಲ್ಲ. ಚರ್ಮದ ಹೊರಗೋಡೆಯೇ ದುರ್ಬಲ, ಒಳಗಿನ ತೇವ ಹೊರಗೆ ಸೋರುತ್ತದೆ, ಹೊರಗಿನ ಕಿರಿಕಿರಿ ಒಳಗೆ ನುಗ್ಗುತ್ತದೆ. ಗಾರೆ ಉದುರಿದ ಇಟ್ಟಿಗೆ ಗೋಡೆ ಎಂದುಕೊಳ್ಳಿ.

ಕೆಂಗೇರಿ ಅಮ್ಮ, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಬುಡದಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ಅದು ನಿಮ್ಮೊಬ್ಬರದಲ್ಲ, ಸೋಪು ಮಾಡುವ ಹತ್ತರಲ್ಲಿ ಒಂಬತ್ತು ಜನರದು. ಬಾಣಲೆಗೆ ಸುರಿದ ಎಣ್ಣೆ ಸೋಪಾದ ಮೇಲೆ ಎಣ್ಣೆಯಾಗಿ ಉಳಿಯುವುದಿಲ್ಲ. ಕಾಸ್ಟಿಕ್ ಸೋಡಾ ಅದನ್ನು ಒಡೆದು ಕೊಬ್ಬಿನಾಮ್ಲಗಳ ಲವಣವನ್ನೂ ಗ್ಲಿಸರಿನ್ನನ್ನೂ ಮಾಡುತ್ತದೆ. ಆ ಲವಣವೇ ಸೋಪು. ಆದ್ದರಿಂದ 'ಈ ಎಣ್ಣೆ ಚರ್ಮಕ್ಕೆ ಒಳ್ಳೆಯದೇ?' ಎಂದು ಕೇಳಬೇಡಿ, 'ಈ ಎಣ್ಣೆಯ ಕೊಬ್ಬಿನಾಮ್ಲದಿಂದ ಎಂಥ ಸೋಪು ಆಗುತ್ತದೆ?' ಎಂದು ಕೇಳಿ.

ಕೊಬ್ಬರಿ ಎಣ್ಣೆಯಲ್ಲಿ ಸುಮಾರು 48% ಲಾರಿಕ್, 18-19% ಮಿರಿಸ್ಟಿಕ್ ಆಮ್ಲ ಇರುತ್ತದೆ. ಇವೆರಡರ ಸೋಪು ತಣ್ಣೀರಿನಲ್ಲೂ ಬುರುಗು ಕೊಡುತ್ತದೆ, ಜಿಡ್ಡನ್ನು ಬುಡಸಮೇತ ಕೀಳುತ್ತದೆ. ಪಾತ್ರೆಗೆ, ಬಟ್ಟೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಚರ್ಮಕ್ಕೆ ಹೆಚ್ಚು ಉರಿ ತರುವುದೂ ಲಾರಿಕ್ ಸೋಪೇ. ನಿಮ್ಮ ಅಳತೆಯಲ್ಲಿ ಕೊಬ್ಬರಿ 70%. ಅಂದರೆ ಇಡೀ ಸೋಪಿನ ಹತ್ತಿರ ಹತ್ತಿರ ಅರ್ಧ ಭಾಗ ಈ ಎರಡು ಆಮ್ಲಗಳದೇ. ಮಗುವಿನ ಚರ್ಮದಲ್ಲಿ ಮೊದಲೇ ಜಿಡ್ಡು ಕಡಿಮೆ, ಇರುವುದನ್ನೂ ಈ ಸೋಪು ತೊಳೆದುಬಿಡುತ್ತದೆ.

ಕುಂದಾಪುರದ ಅಜ್ಜಿಮನೆ
ಇದನ್ನು ನಾನು ಒಪ್ಪುವುದಿಲ್ಲ ಮೇಷ್ಟ್ರೇ. ನಾವು ಹುಟ್ಟಿದಾಗಿನಿಂದ ತೆಂಗಿನೆಣ್ಣೆ ಪೂಸಿಕೊಂಡೇ ಬೆಳೆದವರು. ಬರೀ ಮನೆಮಾತಲ್ಲ, ಫಿಲಿಪ್ಪೀನ್ಸ್‌ನಲ್ಲಿ ಪರೀಕ್ಷೆಯನ್ನೇ ಮಾಡಿದ್ದಾರೆ. 2014ರಲ್ಲಿ ಪ್ರಕಟವಾಯಿತು. ಇಸುಬಿದ್ದ 117 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಸಿ ತೆಂಗಿನಕಾಯಿಯಿಂದ ತೆಗೆದ ಎಣ್ಣೆ, ಇನ್ನೊಂದಕ್ಕೆ ಖನಿಜ ತೈಲ, ಎಂಟು ವಾರ ಹಚ್ಚಿಸಿದರು. ತೆಂಗಿನೆಣ್ಣೆಯ ಮಕ್ಕಳೇ ಹೆಚ್ಚು ಸುಧಾರಿಸಿದರು. ತೆಂಗನ್ನು ಹೀಗೆ ದೂರಬೇಡಿ.

ರಸಾಯನ ಮೇಷ್ಟ್ರು
ಅಮ್ಮ, ಆ ಅಧ್ಯಯನ ನಿಜ. ಆದರೆ ಅವರು ಮಕ್ಕಳಿಗೆ ಹಚ್ಚಿದ್ದು ಎಣ್ಣೆ, ತೊಳೆದದ್ದು ತೆಂಗಿನೆಣ್ಣೆಯ ಸೋಪಿನಿಂದಲ್ಲ. ನಾನು ಹೇಳುತ್ತಿರುವುದೂ ಅದನ್ನೇ. ಸ್ನಾನದ ನಂತರ ಹಚ್ಚಲು ತೆಂಗಿನೆಣ್ಣೆ ಇರಲಿ, ಸೋಪಿನ ಅಚ್ಚಿನಲ್ಲಿ ಮಾತ್ರ ಅದಕ್ಕೆ ಹಿಡಿತ ಇರಲಿ.

ಕುಂದಾಪುರದ ಅಜ್ಜಿಮನೆ
ಹಾಗೆ ಹೇಳಿದರೆ ಒಪ್ಪುತ್ತೇನೆ. ನಮ್ಮಲ್ಲಿ ಮೊದಲು ಎಣ್ಣೆ ಹಚ್ಚಿ ಕಡಲೆಹಿಟ್ಟಿನಲ್ಲೋ ಹೆಸರುಹಿಟ್ಟಿನಲ್ಲೋ ತಿಕ್ಕುತ್ತಿದ್ದರು, ಸೋಪು ಇರಲೇ ಇಲ್ಲ. ಜಿಡ್ಡು ಪೂರ್ತಿ ಹೋಗುತ್ತಲೂ ಇರಲಿಲ್ಲ.

ಹುಬ್ಬಳ್ಳಿ ಓದುಗ
ಹಾಗಾದರೆ ನೂರಕ್ಕೆ ನೂರು ಆಲಿವ್ ಎಣ್ಣೆಯ ಸೋಪು ಮಾಡಬಹುದಲ್ಲ? ಮಕ್ಕಳ ಸೋಪು ಎಂದರೆ ಅದೇ ಎಂದು ಎಲ್ಲೆಲ್ಲೂ ಬರೆದಿರುತ್ತಾರೆ.

ತೂಕದ ತಟ್ಟೆ
ಮಾಡಬಹುದು, ನಾನು ಮಾಡಿದ್ದೇನೆ. ಹದವಾಗಲು ಕನಿಷ್ಠ ಆರು ತಿಂಗಳು ಬೇಕು. ಅಲ್ಲಿಯವರೆಗೆ ಕೈಯಲ್ಲಿ ಲೋಳೆ ಲೋಳೆ, ನೀರು ತಾಗಿದರೆ ದಾಸವಾಳದ ಸೊಪ್ಪು ಕಿವುಚಿದ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಮಗುವಿಗೆ ಇಷ್ಟವಾಗುವುದು ಕಷ್ಟ. ಗಟ್ಟಿ ಕೊಬ್ಬು ಒಂದಿಷ್ಟು ಬೇಕೇ ಬೇಕು.

ಚರ್ಮದ ಚಿಂತೆ
ಆಲಿವ್ ಎಣ್ಣೆ ಇಸುಬಿಗೆ ಕೆಟ್ಟದ್ದು ಎಂದು ಓದಿದ್ದೇನೆ! ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ್ದಾರೆ. ಮುಂಗೈಗೆ ದಿನಕ್ಕೆ ಎರಡು ಬಾರಿ ಕೆಲವೇ ಹನಿ ಆಲಿವ್ ಎಣ್ಣೆ ಹಚ್ಚಿದವರ ಚರ್ಮದ ಹೊರಪದರ ದುರ್ಬಲವಾಯಿತು, ಸ್ವಲ್ಪ ಕೆಂಪೂ ಆಯಿತು. ಸೂರ್ಯಕಾಂತಿ ಎಣ್ಣೆ ಹಚ್ಚಿದವರಿಗೆ ಹಾಗಾಗಲಿಲ್ಲ. ಆದ್ದರಿಂದ ಸೋಪಿಗೂ ಸೂರ್ಯಕಾಂತಿಯೇ ಸರಿ.

ತೂಕದ ತಟ್ಟೆ
ಮತ್ತೆ ಅದೇ ಗೊಂದಲ. ಅದೂ ಹಚ್ಚಿ ಬಿಟ್ಟ ಎಣ್ಣೆಯ ಕಥೆ, ಸೋಪಿನದಲ್ಲ. ಮಗುವಿಗೆ ಆಲಿವ್ ಎಣ್ಣೆಯಿಂದ ಮಾಲೀಸು ಮಾಡಬೇಡಿ ಎನ್ನಲು ಅದು ಸಾಕು. ಸೋಪಿನ ಅಳತೆಯಿಂದ ತೆಗೆಯಲು ಸಾಲದು. ಆಲಿವ್‌ನಲ್ಲಿರುವ ಓಲಿಕ್ ಆಮ್ಲದ ಸೋಪು ಲಾರಿಕ್ ಸೋಪಿಗಿಂತ ಎಷ್ಟೋ ಸೌಮ್ಯ.

ಇನ್ನು ಸೂರ್ಯಕಾಂತಿ. ಲಿನೋಲಿಕ್ ಆಮ್ಲ ಹೆಚ್ಚಿರುವ ಎಣ್ಣೆ 15-20% ದಾಟಿದರೆ ಸೋಪು ಮೆತ್ತಗಾಗುತ್ತದೆ, ಬೇಗ ಕಮಟು ಹಿಡಿಯುತ್ತದೆ. ಮೂರನೇ ತಿಂಗಳಿಗೆ ಕಿತ್ತಳೆ ಬಣ್ಣದ ಚುಕ್ಕೆಗಳು ಏಳುತ್ತವೆ, ಹಳೆಯ ಚಕ್ಕುಲಿ ಡಬ್ಬಿ ತೆರೆದ ವಾಸನೆ. ಕುಸುಬೆ ಎಣ್ಣೆಗೂ ಇದೇ ಮಾತು. ಕಮಟು ಹಿಡಿದ ಸೋಪನ್ನು ಇಸುಬಿನ ಚರ್ಮಕ್ಕೆ ಮುಟ್ಟಿಸಲೂ ಬಾರದು.

ವಾರ್ಡಿನ ಅಕ್ಕ
ನಾನು ಚರ್ಮರೋಗ ವಿಭಾಗದಲ್ಲಿ ಹನ್ನೊಂದು ವರ್ಷ ಶುಶ್ರೂಷಕಿಯಾಗಿ ಕೆಲಸ ಮಾಡಿದವಳು. ಎಲ್ಲರೂ ಎಣ್ಣೆ ಎಣ್ಣೆ ಎನ್ನುತ್ತಿದ್ದೀರಿ, ಆದ್ದರಿಂದ ಕಟುವಾಗಿಯೇ ಹೇಳುತ್ತೇನೆ. ಯಾವ ಎಣ್ಣೆಯಿಂದ ಮಾಡಿದರೂ ನಿಜವಾದ ಸೋಪಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 9ರಿಂದ 10. ಆರೋಗ್ಯವಂತ ಚರ್ಮದ್ದು 5ರ ಆಸುಪಾಸು. ನಿಂಬೆರಸ ಸುರಿದು ಸೋಪಿನ ಪಿಎಚ್ ಇಳಿಸಲು ಹೋದರೆ ಸೋಪೇ ಒಡೆದು ಮತ್ತೆ ಜಿಡ್ಡಾಗುತ್ತದೆ. ಇಸುಬು ಕೆರಳಿದ ಮಗುವಿಗೆ ವೈದ್ಯರು ಸಾಮಾನ್ಯವಾಗಿ ಹೇಳುವುದು ಸೋಪಲ್ಲದ, ಸುಗಂಧವಿಲ್ಲದ ತೊಳೆಯುವ ಬಿಲ್ಲೆಯನ್ನು, ಸಿಂಡೆಟ್ ಎನ್ನುತ್ತಾರಲ್ಲ, ಅದನ್ನು. ಚರ್ಮ ಸೀಳಿ ರಸ ಬರುತ್ತಿರುವಾಗ ಮನೆಯ ಸೋಪು ಬೇಡವೇ ಬೇಡ.

ಸ್ನಾನ ಐದರಿಂದ ಹತ್ತು ನಿಮಿಷ, ಉಗುರುಬೆಚ್ಚಗಿನ ನೀರು. ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಾಗಿರುವಾಗಲೇ, ಮೂರು ನಿಮಿಷದೊಳಗೆ, ವೈದ್ಯರು ಹೇಳಿದ ಮಾಯಿಶ್ಚರೈಸರ್ ದಪ್ಪಗೆ ಹಚ್ಚಿ. ನಿಮ್ಮ ಮಗಳು ಹತ್ತು ನಿಮಿಷಕ್ಕೆ ಕೆರೆಯುತ್ತಾಳೆ ಎಂದಿರಿ. ಆ ಹತ್ತು ನಿಮಿಷದಲ್ಲಿ ಏನು ಹಚ್ಚುತ್ತೀರಿ ಎಂದು ಬರೆಯಲೇ ಇಲ್ಲವಲ್ಲ?

ಕೆಂಗೇರಿ ಅಮ್ಮ
ಅಕ್ಕ, ಶಾಲೆಯ ವ್ಯಾನ್ ಬರುವ ಹೊತ್ತಿಗೆ ಸ್ನಾನ. ಮುಲಾಮು ಹಚ್ಚುವುದು ರಾತ್ರಿ. ಬೆಳಿಗ್ಗೆ ಏನೂ ಹಚ್ಚುತ್ತಿರಲಿಲ್ಲ. ನೀವು ಕೇಳಿದ ಮೇಲೆಯೇ ಹೊಳೆಯಿತು.

ವಾರ್ಡಿನ ಅಕ್ಕ
ಹಾಗಾದರೆ ಸ್ನಾನವನ್ನು ಸಂಜೆಗೆ ಬದಲಿಸಿ ತಾಯಿ. ಬೆಳಿಗ್ಗೆ ಮುಖ, ಕೈಕಾಲು ತೊಳೆದರೆ ಸಾಕು. ಬೆವರಿದ ಜಾಗ, ಕೊಳೆಯಾದ ಜಾಗಕ್ಕಷ್ಟೇ ಸೋಪು. ಮೊಣಕೈ ಮಡಿಕೆಗೆ ದಿನವೂ ಸೋಪು ಯಾಕೆ ಬೇಕು?

ಕೈಕಸುಬು
ಶುಶ್ರೂಷಕಿ ಅಕ್ಕನವರು ಹೇಳಿದ್ದು ಸರಿ, ಆದರೆ ಅಂಗಡಿಯ ಎಲ್ಲ ಬಿಲ್ಲೆಗಳೂ ಸೌಮ್ಯವಲ್ಲ. ಮಕ್ಕಳ ಚಿತ್ರ ಹಾಕಿದ ಎಷ್ಟೋ ಸೋಪುಗಳಲ್ಲಿ ಸುಗಂಧ ಇರುತ್ತದೆ. ಮನೆಯಲ್ಲಿ ಮಾಡುವವರಿಗೆ ಒಳಗೆ ಏನಿದೆ ಎಂಬುದಾದರೂ ಗೊತ್ತಿರುತ್ತದೆ. ಆ ಧೈರ್ಯವೂ ದೊಡ್ಡದೇ. ಕರಗಿಸಿ ಸುರಿಯುವ ಸೋಪ್ ಬೇಸ್ ತಂದು 'ಕೈಯಿಂದ ಮಾಡಿದ್ದು' ಎನ್ನುವವರ ಬಗ್ಗೆಯೂ ಎಚ್ಚರ. ಬೇಸಿನ ಪೊಟ್ಟಣದ ಹಿಂದಿನ ಪಟ್ಟಿ ಓದಿ, ಕೆಲವದರಲ್ಲಿ ಚರ್ಮ ಕೆರಳಿಸಬಲ್ಲ ಸೋಡಿಯಂ ಲಾರಿಲ್ ಸಲ್ಫೇಟ್ ಇರುತ್ತದೆ.

ವಾರ್ಡಿನ ಅಕ್ಕ
ಧೈರ್ಯ ನಿಮ್ಮದು, ಚರ್ಮ ಮಗುವಿನದು. ಅಷ್ಟು ನೆನಪಿರಲಿ.

ಕೈಕಸುಬು
ನೆನಪಿದೆ. ನನ್ನ ಮಗನಿಗೂ ಇಸುಬು ಇತ್ತು ಅಕ್ಕ. ಹೊರಗಿನವನಾಗಿ ಮಾತನಾಡುತ್ತಿಲ್ಲ.

ಮೈಸೂರು ಮಲ್ಲಿಗೆ ಹೊಲ
ಸುಗಂಧ ಬೇಕೇ ಬೇಕು ಎಂದರೆ ಗಂಧದೆಣ್ಣೆ ಎರಡು ಹನಿ ಹಾಕಬಹುದಲ್ಲ? ನಮ್ಮ ರಾಜ್ಯದ್ದೇ ಸೊತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ ಶುರುವಾಗಿದ್ದೇ ಗಂಧದೆಣ್ಣೆಯ ದೆಸೆಯಿಂದ.

ಅಡಿಕೆ ತೋಟ
ಇತಿಹಾಸ ಚೆಂದ. ಆದರೆ ಇಸುಬಿನ ಮಗುವಿಗೆ ಗಂಧವೂ ಬೇಡ, ಲ್ಯಾವೆಂಡರೂ ಬೇಡ, ಟೀ ಟ್ರೀ ಅಂತೂ ದೂರವೇ ಇರಲಿ. ಲ್ಯಾವೆಂಡರಿನ ಲಿನಲೂಲ್ ಗಾಳಿಗೆ ಹಳತಾದ ಹಾಗೆ ಅಲರ್ಜಿ ಎಬ್ಬಿಸುವ ಗುಣ ಪಡೆಯುತ್ತದೆ. ನೈಸರ್ಗಿಕ ಎಂಬ ಒಂದೇ ಕಾರಣಕ್ಕೆ ಮಗುವಿನ ಚರ್ಮ ಅದನ್ನು ಒಪ್ಪಿಕೊಳ್ಳುವುದಿಲ್ಲ.

ಚರ್ಮದ ಚಿಂತೆ
ಮೇಕೆ ಹಾಲು, ಓಟ್ಸ್ ಹಿಟ್ಟು, ಜೇನು ಹಾಕಿದ ಸೋಪು ಹೇಗೆ? ತುಂಬಾ ಹೊಗಳುತ್ತಾರೆ.

ರಸಾಯನ ಮೇಷ್ಟ್ರು
ತಿನ್ನುವ ಪದಾರ್ಥವನ್ನು ಸೀಳುಬಿಟ್ಟ ಚರ್ಮದ ಮೇಲೆ ದಿನವೂ ತಿಕ್ಕುವ ಮುಂಚೆ ಎರಡು ಬಾರಿ ಯೋಚಿಸಿ. ಬಾಯಿಯ ಮೂಲಕ ಹೋದರೆ ದೇಹ ಅದನ್ನು ಆಹಾರ ಎಂದು ಗುರುತಿಸುತ್ತದೆ. ಒಡೆದ ಚರ್ಮದ ಮೂಲಕ ಹೋದರೆ ಶತ್ರು ಎಂದು ತಿಳಿಯುವ ಅಪಾಯವಿದೆ. ಜಪಾನಿನಲ್ಲಿ ಗೋಧಿಯ ಪ್ರೋಟೀನ್ ಸೇರಿಸಿದ್ದ ಒಂದು ಮುಖದ ಸೋಪು ಬಳಸಿ ಎರಡು ಸಾವಿರಕ್ಕೂ ಹೆಚ್ಚು ಜನ ಗೋಧಿ ಅಲರ್ಜಿಗೆ ಬಿದ್ದರು. ಅಲ್ಲಿಯವರೆಗೆ ನೂಡಲ್ಸ್, ಬ್ರೆಡ್ಡು ತಿಂದು ಆರಾಮವಾಗಿದ್ದವರು. ಮಕ್ಕಳ ಚರ್ಮಕ್ಕೆ ಹಚ್ಚಿದ ಕಡಲೆಕಾಯಿ ಎಣ್ಣೆಯಿದ್ದ ಮುಲಾಮಿಗೂ ಕಡಲೆಕಾಯಿ ಅಲರ್ಜಿಗೂ ನಂಟಿದೆ ಎಂದು ಬ್ರಿಟನ್ನಿನ ಒಂದು ಅಧ್ಯಯನ 2003ರಲ್ಲೇ ಹೇಳಿದೆ. ಬಾದಾಮಿ ಎಣ್ಣೆ ಕೇಳಿದ್ದರಲ್ಲ ಕೆಂಗೇರಿ ಅಮ್ಮ, ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನ್ ತೀರಾ ಕಡಿಮೆ, ನಿಜ. ಆದರೂ ಅದಿಲ್ಲದೆ ಒಳ್ಳೆಯ ಸೋಪು ಆಗುವಾಗ ಆ ಗೊಡವೆ ಯಾಕೆ?

ಕುಂದಾಪುರದ ಅಜ್ಜಿಮನೆ
ಅಯ್ಯೋ, ಹಾಗಾದರೆ ನಾನು ಹೇಳಿದ ಕಡಲೆಹಿಟ್ಟು?

ವಾರ್ಡಿನ ಅಕ್ಕ
ಇಸುಬಿಲ್ಲದ ಮಕ್ಕಳಿಗೆ ಇರಲಿ ಅಜ್ಜಿ. ಸೀಳಿದ ಚರ್ಮಕ್ಕೆ ಬೇಡ, ತರಿತರಿ ಹಿಟ್ಟು ತಿಕ್ಕಿದರೆ ಇನ್ನಷ್ಟು ಗೀರುತ್ತದೆ.

ಕುಮಟೆಯ ಕಡೆಯವಳು
ಗಟ್ಟಿ ಕೊಬ್ಬು ಬೇಕು ಎಂದರಲ್ಲ ತೂಕದ ತಟ್ಟೆಯವರು, ವಿದೇಶದ ಶಿಯಾ ಬೆಣ್ಣೆಗೆ ದುಡ್ಡು ಸುರಿಯುವ ಮುಂಚೆ ನಮ್ಮ ಮುರುಗಲ ತುಪ್ಪ ನೋಡಿ. ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲ, ಉಳಿದದ್ದರಲ್ಲಿ ಬಹುಪಾಲು ಓಲಿಕ್. ಲಾರಿಕ್ ಇಲ್ಲವೆಂದೇ ಹೇಳಬಹುದು. ಸೋಪು ಗಟ್ಟಿಯಾಗುತ್ತದೆ, ಬುರುಗು ಕಡಿಮೆ, ಆದರೆ ಕೆನೆಯ ಹಾಗೆ ನುಣುಪು.

ನಮ್ಮ ಮನೆಯಲ್ಲಿ ಅಮ್ಮ ಈಗಲೂ ತೆಗೆಯುತ್ತಾರೆ. ಬೇಸಿಗೆಯಲ್ಲಿ ಹಣ್ಣಿನ ಸಿಪ್ಪೆ ಸಾರಿಗೆ, ಪಾನಕಕ್ಕೆ ಹೋಗುತ್ತದೆ. ಬೀಜವನ್ನು ತೊಳೆದು ಅಂಗಳದಲ್ಲಿ ಒಣಹಾಕುತ್ತಾರೆ, ಮುಷ್ಟಿಯಲ್ಲಿ ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಸಿಪ್ಪೆ ಒಡೆದು, ಒಳಗಿನ ತಿರುಳನ್ನು ಒರಳಲ್ಲಿ ಕುಟ್ಟಿ, ದೊಡ್ಡ ಚರಿಗೆಯಲ್ಲಿ ನೀರು ಹಾಕಿ ಕುದಿಸುತ್ತಾರೆ. ಮೇಲೆ ತೇಲಿದ ಜಿಡ್ಡನ್ನು ಸೌಟಿನಲ್ಲಿ ಬಳಿದು ಇನ್ನೊಂದು ಪಾತ್ರೆಗೆ. ತಣಿದ ಮೇಲೆ ಬಿಳಿಗೆ ತಿರುಗಿ ಕಲ್ಲಿನಂತಾಗುತ್ತದೆ. ಅಂಗೈಯಲ್ಲೇ ಮೊಟ್ಟೆಯಾಕಾರದ ಉಂಡೆ ಕಟ್ಟಿ ಇಟ್ಟರೆ ಮುಂದಿನ ವರ್ಷದವರೆಗೂ ಕೆಡುವುದಿಲ್ಲ. ಮಳೆಗಾಲದಲ್ಲಿ ಒಡೆದ ಹಿಮ್ಮಡಿಗೆ ದೀಪದ ಬಿಸಿಗೆ ಹಿಡಿದು ಹಚ್ಚುವುದು ಅದನ್ನೇ.

ಹುಬ್ಬಳ್ಳಿ ಓದುಗ
ಮುರುಗಲು ಎಂದರೆ ಪುನರ್ಪುಳಿಯೇ?

ಕುಮಟೆಯ ಕಡೆಯವಳು
ಅದೇ. ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ನಮ್ಮಲ್ಲಿ ಮುರುಗಲು, ಪೇಟೆಯಲ್ಲಿ ಕೋಕಂ. ಉಪ್ಪಾಗೆ ಬೇರೆ ಮರ, ಅದರ ತುಪ್ಪವನ್ನು ಶಿರಸಿ ಕಡೆ ಅಡುಗೆಗೂ ಬಳಸುತ್ತಾರೆ.

ಅಡಿಕೆ ತೋಟ
ಉಪ್ಪಾಗೆ ತುಪ್ಪದಲ್ಲಿ ಕರಿದ ಹಪ್ಪಳದ ನೆನಪು ಮಾಡಿಬಿಟ್ಟಿರಿ. ಈಗ ಆ ರುಚಿ ಎಲ್ಲಿ ಸಿಗಬೇಕು!

ಬೇವಿನ ಮರ
ಎಲ್ಲರೂ ಸೇರಿ ಬೇವನ್ನು ಮರೆತೇ ಬಿಟ್ಟಿರಿ. ಹೊಂಗೆ, ಹಿಪ್ಪೆ ಎಣ್ಣೆಗಳೂ ನಮ್ಮವೇ ಅಲ್ಲವೇ? ಸ್ವಲ್ಪವೂ ಉಪಯೋಗವಿಲ್ಲ ಎನ್ನುತ್ತೀರಾ?

ತೂಕದ ತಟ್ಟೆ
ಉಪಯೋಗ ಇದೆ. ಬೇವಿನ ಎಣ್ಣೆ 5% ಮೀರದಂತೆ ದೊಡ್ಡವರ ಸೋಪಿಗೆ ನಾನೂ ಹಾಕುತ್ತೇನೆ. ಕಾಲು ಭಾಗ ಹಾಕಿದರೆ ಆ ವಾಸನೆಗೆ ಮಗು ಸ್ನಾನದ ಮನೆಗೇ ಬರುವುದಿಲ್ಲ. ಅದರ ಬಹುಪಾಲು ಕೊಬ್ಬೂ ಕಾಸ್ಟಿಕ್‌ಗೆ ಸಿಕ್ಕಿ ಸಾಮಾನ್ಯ ಸೋಪೇ ಆಗುತ್ತದೆ. ಹೊಂಗೆ ಎಣ್ಣೆ ಕೆಲವರಿಗೆ ಉರಿ ತರುತ್ತದೆ, ನನ್ನ ಕೈಗೇ ದದ್ದು ಎದ್ದಿತ್ತು. ಹಿಪ್ಪೆ ಎಣ್ಣೆಯ ಸೋಪು ಚೆನ್ನಾಗಿ ಆಗುತ್ತದೆ, ಆದರೆ ತಾಜಾ ಎಣ್ಣೆ ಸಿಗಬೇಕು. ದೀಪಕ್ಕೆಂದು ಮಾರುವುದು ಹೆಚ್ಚಿನ ಸಲ ಹಳತು.

ಬೇವಿನ ಮರ
ಸರಿ, ವಾಸನೆಯ ಮಾತು ನಿಜ. ನನ್ನ ಮೊಮ್ಮಗನೂ ಓಡುತ್ತಾನೆ.

ತೂಕದ ತಟ್ಟೆ
ಕೆಂಗೇರಿ ಅಮ್ಮ, ನಾನಾದರೆ ಹೀಗೆ ಮಾಡುತ್ತೇನೆ. ಒಟ್ಟು 500 ಗ್ರಾಂ ಎಣ್ಣೆಗೆ: ಆಲಿವ್ 225, ಮುರುಗಲ ತುಪ್ಪ 100, ಅಕ್ಕಿ ತೌಡಿನ ಎಣ್ಣೆ 75, ಕೊಬ್ಬರಿ ಎಣ್ಣೆ 75, ಹರಳೆಣ್ಣೆ 25 ಗ್ರಾಂ. ಕಾಸ್ಟಿಕ್ ಸೋಡಾ 65 ಗ್ರಾಂ, ನೀರು 130 ಗ್ರಾಂ. ಸೂಪರ್‌ಫ್ಯಾಟ್ 8%ರ ಹತ್ತಿರ ಬರುತ್ತದೆ. ಕೊಬ್ಬರಿ 15%ಕ್ಕೆ ಇಳಿದಿದೆ, ಪೂರ್ತಿ ತೆಗೆದರೆ ಬುರುಗೇ ಬರುವುದಿಲ್ಲ. ಹರಳೆಣ್ಣೆ ಆ ಬುರುಗನ್ನು ನಿಲ್ಲಿಸುತ್ತದೆ, 5-8% ಮೀರಿದರೆ ಸೋಪು ಅಂಟಂಟು.

ಮುರುಗಲ ತುಪ್ಪ ಇರುವಾಗ ಒಂದು ಎಚ್ಚರ. ಎಣ್ಣೆಯೂ ಲೈ ನೀರೂ (ಕಾಸ್ಟಿಕ್ ಕರಗಿಸಿದ ನೀರು) 45-50 ಡಿಗ್ರಿ ಇರಲಿ. ತಣ್ಣಗಾದರೆ ತುಪ್ಪ ಮೊದಲೇ ಹೆಪ್ಪುಗಟ್ಟಿ ಇಡೀ ಮಿಶ್ರಣ ರಾಗಿ ಗಂಜಿಯ ಹಾಗೆ ಗಟ್ಟಿಯಾಗುತ್ತದೆ. ಟ್ರೇಸ್ (ಎಣ್ಣೆಯೂ ಲೈ ನೀರೂ ಬೆರೆತು ಮಂದವಾಗುವ ಹದ) ಬಂತು ಎಂದುಕೊಂಡು ಅಚ್ಚಿಗೆ ಸುರಿದರೆ ಮರುದಿನ ಅಡಿಯಲ್ಲಿ ಲೈ ನೀರು ಒಸರುತ್ತಿರುತ್ತದೆ. ಹಾಗೆ ಆಗಿದ್ದನ್ನು ಯಾರಿಗೂ ಕೊಡಬಾರದು. ಮಾಮೂಲಿನಂತೆ ಕಾಸ್ಟಿಕ್ ನೀರಿಗೆ ಬೀಳಬೇಕು, ನೀರು ಕಾಸ್ಟಿಕ್ ಮೇಲೆ ಬೀಳಬಾರದು. ಅಲ್ಯುಮಿನಿಯಂ ಪಾತ್ರೆ ಕೂಡದು, ಕಣ್ಣಿಗೆ ಕನ್ನಡಕ, ಮಕ್ಕಳು ಅಡುಗೆಮನೆಯಿಂದ ಹೊರಗೆ. ಎಣ್ಣೆ ಬದಲಿಸಿದಾಗಲೆಲ್ಲ ಕಾಸ್ಟಿಕ್ ಲೆಕ್ಕವೂ ಬದಲಾಗುತ್ತದೆ. ನಿಮ್ಮ ಹಳೆಯ 80 ಗ್ರಾಂ ಇದಕ್ಕೆ ಹಾಕಿದರೆ ಚರ್ಮ ಸುಡುತ್ತದೆ.

ಚರ್ಮದ ಚಿಂತೆ
ಬೆಲೆಬಾಳುವ ಎಣ್ಣೆಯನ್ನು ಟ್ರೇಸ್ ಬಂದ ಮೇಲೆ ಕೊನೆಯಲ್ಲಿ ಹಾಕಿದರೆ ಅದು ಸೂಪರ್‌ಫ್ಯಾಟ್ ಆಗಿ ಹಾಗೆಯೇ ಉಳಿಯುತ್ತದಲ್ಲ?

ರಸಾಯನ ಮೇಷ್ಟ್ರು
ಉಳಿಯುವುದಿಲ್ಲ. ಟ್ರೇಸ್ ಬಂದಾಗ ಕಾಸ್ಟಿಕ್ ಕೆಲಸ ಮುಗಿದಿರುವುದಿಲ್ಲ, ಇನ್ನೂ ಒಂದು ದಿನ ನಡೆಯುತ್ತದೆ. ಸಿಕ್ಕಿದ ಎಣ್ಣೆಯನ್ನೆಲ್ಲ ಅದು ಹಿಡಿಯುತ್ತದೆ. ಬಿಸಿ ವಿಧಾನದಲ್ಲಿ ಬೇಯಿಸಿ, ಸೋಪು ಪೂರ್ತಿ ಆದ ಮೇಲೆ ಬೆರೆಸಿದರೆ ಮಾತ್ರ ನಿಮ್ಮ ಆಯ್ಕೆಯ ಎಣ್ಣೆ ಉಳಿಯುತ್ತದೆ.

ಕೊಳವೆಬಾವಿ
ನೀರಿನ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ಕೆಂಗೇರಿ ಕಡೆ ಬೋರ್‌ವೆಲ್ ನೀರಾದರೆ ಗಡಸು ಇರಲೇಬೇಕು. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪಟ್ಟಿ ಕಟ್ಟುತ್ತದೆಯೇ? ಸೋಪು ಆ ಸುಣ್ಣದ ಜೊತೆ ಸೇರಿ ಕರಗದ ಕಿಟ್ಟವಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನೀರು ಕುದಿಸಿದರೆ ಎಲ್ಲ ಸರಿಹೋಗುತ್ತದೆ.

ರಸಾಯನ ಮೇಷ್ಟ್ರು
ಮೊದಲ ಮಾತು ಸರಿ, ಕೊನೆಯದು ಅರ್ಧ ಸರಿ. ಕುದಿಸಿದರೆ ತಾತ್ಕಾಲಿಕ ಗಡಸುತನ (ಬೈಕಾರ್ಬನೇಟುಗಳದ್ದು) ಹೋಗುತ್ತದೆ, ಸಲ್ಫೇಟು ಕ್ಲೋರೈಡುಗಳದ್ದು ಹಾಗೆಯೇ ಉಳಿಯುತ್ತದೆ. ಸೋಪಿನಲ್ಲೇ ಸ್ವಲ್ಪ ಸಿಟ್ರಿಕ್ ಆಮ್ಲ ಸೇರಿಸಿದರೆ ಅದು ಸೋಡಿಯಂ ಸಿಟ್ರೇಟ್ ಆಗಿ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಿಟ್ಟ ಕಡಿಮೆ. ತೂಕದ ತಟ್ಟೆಯವರ ಅಳತೆಗೆ 10 ಗ್ರಾಂ ಸಾಕು. ಆದರೆ ಅಷ್ಟು ಸಿಟ್ರಿಕ್ ಆಮ್ಲ ಸುಮಾರು 6 ಗ್ರಾಂ ಕಾಸ್ಟಿಕ್ ನುಂಗುತ್ತದೆ, ಆದ್ದರಿಂದ ಕಾಸ್ಟಿಕ್ 71 ಗ್ರಾಂ ಮಾಡಿಕೊಳ್ಳಿ. ಮೊದಲು ಆಮ್ಲವನ್ನು ನೀರಿನಲ್ಲಿ ಕರಗಿಸಿ, ಆಮೇಲೆ ಕಾಸ್ಟಿಕ್ ಅನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಮಾಮೂಲಿಗಿಂತ ಹೆಚ್ಚು ಬಿಸಿಯೇರುತ್ತದೆ.

ಟೇಮ್ಸ್ ತೀರದಿಂದ
ಲಂಡನ್ನಿನ ನೀರೂ ಗಡಸೇ, ಕೆಟಲ್ಲಿನ ತಳದಲ್ಲಿ ವಾರಕ್ಕೊಮ್ಮೆ ಸುಣ್ಣದ ಪೊರೆ ಕೆರೆಯುತ್ತೇನೆ. ಇಲ್ಲಿ ಇಸುಬಿದ್ದ 336 ಮಕ್ಕಳ ಮೇಲೆ ನೀರು ಮೆದುಗೊಳಿಸುವ ಯಂತ್ರದ ಪರೀಕ್ಷೆ ನಡೆದು 2011ರಲ್ಲಿ ಫಲಿತಾಂಶ ಬಂತು. ಯಂತ್ರದಿಂದ ಇಸುಬು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಕೊಳವೆಬಾವಿಯವರ ಮಾತು ಕೇಳಿ ದುಬಾರಿ ಯಂತ್ರ ತರುವ ಮುಂಚೆ ಇದನ್ನು ತಿಳಿದಿರಿ. ನಾನು ತಿಳಿಯದೆ ತಂದೆ.

ಕೊಳವೆಬಾವಿ
ಯಂತ್ರ ತನ್ನಿ ಎಂದು ನಾನು ಹೇಳಲಿಲ್ಲ. ಸೋಪನ್ನು ಚೆನ್ನಾಗಿ ತೊಳೆಯಿರಿ, ಇನ್ನೊಂದು ಚೊಂಬು ನೀರು ಹೆಚ್ಚು ಹಾಕಿ ಎಂದೇ ನನ್ನ ಮಾತು.

ಹುಬ್ಬಳ್ಳಿ ಓದುಗ
ಈ ಸೋಪನ್ನು ಮಾಡಿ 'ಇಸುಬು ಗುಣಪಡಿಸುವ ಸೋಪು' ಎಂದು ಮಾರಿದರೆ ಒಳ್ಳೆಯ ವ್ಯಾಪಾರ ಆಗುತ್ತದೆ, ಅಲ್ಲವೇ?

ಕೈಕಸುಬು
ಬೇಡ ತಮ್ಮ. ಮಾರಲು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕಾ ಪರವಾನಗಿ ಬೇಕು. ರೋಗ ಗುಣಪಡಿಸುತ್ತದೆ ಎಂದು ಬರೆದ ಕೂಡಲೇ ಅದನ್ನು ಔಷಧಿ ಎಂದೇ ನೋಡುತ್ತಾರೆ. ಕಾನೂನು ಬದಿಗಿರಲಿ, ಅದು ಸುಳ್ಳು. ಸೋಪು ಇಸುಬನ್ನು ಗುಣಪಡಿಸುವುದಿಲ್ಲ. ಹೆಚ್ಚೆಂದರೆ ಕೆರಳಿಸದೆ ಇರಬಹುದು. ಎಷ್ಟು ಜನ ತಾಯಂದಿರು ಆ ಒಂದು ಸಾಲು ನಂಬಿ ಮುಲಾಮು ನಿಲ್ಲಿಸಿದ್ದಾರೆ ಎಂದು ನನಗೆ ಗೊತ್ತು.

ವಾರ್ಡಿನ ಅಕ್ಕ
ಕೈಕಸುಬಿನವರ ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಇನ್ನೊಂದು, ಬಳೆಯಾಕಾರದಲ್ಲಿ ಅಂಚು ಕೆಂಪಾಗಿ ಹರಡುವುದು ಹುಳುಕಡ್ಡಿ ಇರಬಹುದು. ಅದಕ್ಕೆ ಔಷಧಿ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಮೈತುಂಬಾ ಆಗುತ್ತದೆ. ತೋರಿಸಿಯೇ ಹಚ್ಚಿ.

ಕೆಂಗೇರಿ ಅಮ್ಮ
ಎರಡೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಕುಮಟೆಯ ಅಕ್ಕ ಹೇಳಿದ ಹಾಗೆ ಮುರುಗಲ ತುಪ್ಪ ತರಿಸಿ, ತೂಕದ ತಟ್ಟೆಯವರ ಅಳತೆಯಲ್ಲೇ ಸಿಟ್ರಿಕ್ ಆಮ್ಲ ಸೇರಿಸಿ ಮಾಡಿದೆ. ಮೊದಲ ಸಲ ಗಂಜಿಯಾಯಿತು! ಪಾತ್ರೆಯನ್ನು ಬಿಸಿನೀರಿನ ತಪ್ಪಲೆಯಲ್ಲಿ ಕೂರಿಸಿ ಮತ್ತೆ ಕರಗಿಸಿ ಕಡೆದೆ, ಸರಿಹೋಯಿತು. ಆರು ವಾರ ಒಣಗಿಸಿದೆ. ಮೊದಲು ನಾನು ಬಳಸಿದೆ, ಆಮೇಲೆ ವೈದ್ಯರನ್ನು ಕೇಳಿ ಮಗಳ ಮುಂಗೈಯ ಒಂದೇ ಜಾಗಕ್ಕೆ ಒಂದು ವಾರ ಹಚ್ಚಿ ನೋಡಿದೆ. ಕೆಂಪಾಗಲಿಲ್ಲ.

ಅಷ್ಟರೊಳಗೆ ವಾರ್ಡಿನ ಅಕ್ಕನ ಮಾತಿನಂತೆ ಸ್ನಾನ ಸಂಜೆಗೆ ಬಂತು. ಹಸಿ ಮೈಗೆ ಮಾಯಿಶ್ಚರೈಸರ್ ಹಚ್ಚುತ್ತೇನೆ. ಸೋಪು ಕಂಕುಳಿಗೆ, ಪಾದಕ್ಕೆ, ಆಟದ ಮಣ್ಣಿಗೆ ಮಾತ್ರ. ಸ್ನಾನದ ನಂತರದ ಕೆರೆತ ಬಹಳ ಕಡಿಮೆಯಾಗಿದೆ. ಮಂಡಿಯ ಹಿಂಭಾಗ ಮಾತ್ರ ಕಳೆದ ವಾರ ಮತ್ತೆ ಕೆರಳಿತು, ಮುಲಾಮು ನಡೆದೇ ಇದೆ.

ರಸಾಯನ ಮೇಷ್ಟ್ರು
ಸಂತೋಷ. ಆದರೆ ಸೋಪು, ಸುಗಂಧ, ಸ್ನಾನದ ಹೊತ್ತು, ಮಾಯಿಶ್ಚರೈಸರ್ ನಾಲ್ಕನ್ನೂ ಒಟ್ಟಿಗೆ ಬದಲಿಸಿದ್ದೀರಿ. ಯಾವುದರಿಂದ ಕಡಿಮೆಯಾಯಿತು ಎಂದು ಹೇಳಲಾಗದು.

ಕೆಂಗೇರಿ ಅಮ್ಮ
ನಿಜ ಮೇಷ್ಟ್ರೇ. ಹಳೆಯ ಸೋಪು ಒಂದು ವಾರ ಬಳಸಿ ನೋಡೋಣವೇ ಎಂದು ಯಜಮಾನರು ಕೇಳಿದರು. ನನಗೆ ಮನಸ್ಸು ಬರಲಿಲ್ಲ. ಆ ಹಳೆಯ ಬಿಲ್ಲೆಗಳನ್ನೆಲ್ಲ ಪಾತ್ರೆ ತೊಳೆಯಲು ಇಟ್ಟಿದ್ದೇನೆ, ಎಣ್ಣೆ ಬಾಣಲೆ ಥಳಥಳ ಹೊಳೆಯುತ್ತದೆ.

ಕುಮಟೆಯ ಕಡೆಯವಳು
ಅಮ್ಮ ಈ ವರ್ಷದ ಬೀಜ ಒಣಹಾಕಿದ್ದಾರೆ ಅಕ್ಕ. ಮುಂದಿನ ಸಲಕ್ಕೆ ಎಷ್ಟು ಬೇಕು ಹೇಳಿ, ಮಳೆ ಹಿಡಿಯುವ ಮುಂಚೆ ಉಂಡೆ ಕಟ್ಟಿ ಕಳಿಸುತ್ತೇನೆ.

ಕೆಂಗೇರಿ ಅಮ್ಮ
ಅರ್ಧ ಕಿಲೋ ಸಾಕು. ಹಿಮ್ಮಡಿಗೆಂದು ಒಂದು ಉಂಡೆ ಬೇರೆ ಇಡಿ, ನಮ್ಮ ಅತ್ತೆ ಕೇಳುತ್ತಿದ್ದಾರೆ.